ಮೂರು ತಾಸಿನಾಗ ಎಲ್ಲೂ ಕೆಡಲಿಲ್ಲ

ಜಡ್ಜ್ ಸಾಹೇಬರು ರಜೆಯಲ್ಲಿದ್ದಾರೆ ಎಂಬುದು ಉಚ್ಚೆಂಗಮ್ಮನಿಗೆ ತಿಳಿದದ್ದು ಹನ್ನೊಂದೂವರೆಗೆ. ಅಷ್ಟರಲ್ಲಿ ಆಕೆ ಹೊಸಪೇಟೆ ಕೋರ್ಟಿನ ವರಾಂಡದಲ್ಲಿ ಎರಡು ತಾಸು ಕೂತಾಗಿತ್ತು. ಗುಮಾಸ್ತ ಒಳಗಿಂದ ಬಂದು ಇಪ್ಪತ್ತು ದಿನ ಮುಂದಿನ ತಾರೀಖು ಹೇಳಿ, ಬರೆದುಕೊಳ್ಳಲಿ ಎಂದು ಒಂದು ಗಳಿಗೆ ನಿಂತ. ಆಕೆ ಬರೆದುಕೊಳ್ಳಲಿಲ್ಲ. ಪಕ್ಕದಲ್ಲಿದ್ದ ಮುದುಕಿಯೊಬ್ಬಳು, "ಮರ್ತು ಹೋಗ್ತೈತವ್ವಾ, ಕೈಮ್ಯಾಲರ ಬರ್ಕಾ" ಅಂದಳು. ಉಚ್ಚೆಂಗಮ್ಮ ತಲೆಯಾಡಿಸಿ ಎದ್ದಳು.

ಗಂಡ ರಾಯಣ್ಣ ಬಂದಿರಲಿಲ್ಲ. ಅವನ ವಕೀಲರು ಹಿಂದಿನ ದಿನವೇ ಅವನಿಗೆ ಹೇಳಿರಬೇಕು. ಆಕೆಯ ವಕೀಲ ಮುರುಗೇಶ್ ಬೇರೆ ಕೇಸಿಗೆಂದು ಸಂಡೂರಿಗೆ ಹೋಗಿದ್ದರು. ಫೋನಿನಲ್ಲಿ, "ಅಯ್ಯೋ, ನಿಮಗ ಹೇಳೋದ ಮರ್ತೆ ನೋಡ್ರಿ. ಹೆಂಗೂ ಬಂದೀರಿ, ನಾಕಕ್ಕ ನಮ್ಮ ಆಫೀಸಿಗೆ ಬರ್ರಿ, ಒಂದು ಸಹಿ ಬೇಕಾಗೈತಿ" ಅಂದರು.

ಇಬ್ಬರೂ ಒಪ್ಪಿ ಹಾಕಿದ ವಿಚ್ಛೇದನದ ಅರ್ಜಿ ಅದು. ಕಾಯಬೇಕಾದ ಆರು ತಿಂಗಳು ಕಾದಾಗಿತ್ತು, ಇನ್ನು ಕೊನೆಯ ಹೇಳಿಕೆಯೊಂದೇ ಬಾಕಿ. ಮದುವೆಯಾಗಿ ಒಂಬತ್ತು ವರ್ಷ ಆಕೆ ಪಾಪಿನಾಯಕನಹಳ್ಳಿಯ ಗಂಡನ ಮನೆಯಲ್ಲಿ ಬಾಳಿದ್ದಳು. ರಾಯಣ್ಣ ಉಕ್ಕಿನ ಕಾರ್ಖಾನೆಯಲ್ಲಿ ಪಾಳಿಯ ಕೆಲಸಗಾರ. ಅಣ್ಣನ ಹೆಂಡತಿ ಜಂಬವ್ವನ ಬಾಣಂತನಕ್ಕೆಂದು ಉಚ್ಚೆಂಗಮ್ಮ ಮೆಟ್ರಿಯ ತವರಿಗೆ ಹೊರಟ ದಿನ ಅವನೇ ಬಸ್ಸು ಹತ್ತಿಸಿ, ಕಿಟಕಿಯಿಂದ ಬ್ಯಾಗು ಕೊಟ್ಟು, "ಹದಿನೈದು ದಿನಕ್ಕ ಬಂದು ಕರ್ಕಂಡು ಬರ್ತೀನಿ" ಅಂದಿದ್ದ. ಬರಲಿಲ್ಲ. ಫೋನು ಮಾಡಿದರೆ ಬರ್ತೀನಿ ಅನ್ನುತ್ತಿದ್ದ. ಆಗ ಹುಟ್ಟಿದ ಕೂಸು ಬೋರಲು ಬಿತ್ತು, ಅಂಬೆಗಾಲಿಟ್ಟಿತು, ಈಗ ಅಂಗಳದ ತುಂಬ ಓಡಾಡುತ್ತಿತ್ತು. ಹಿರಿಯರು ಎರಡು ಸಲ ಕೂತು ಕೇಳಿದರು. ರಾಯಣ್ಣ ಎರಡೂ ಸಲ ನೆಲ ನೋಡುತ್ತ ಅಂದದ್ದು ಇಷ್ಟೇ: "ಆಕಿದೇನೂ ತಪ್ಪಿಲ್ರೀ. ನನಗ ಮನಸಿಲ್ಲ." ಬೇರೆ ಯಾವಳಾದರೂ ಇದ್ದಾಳೋ ಎಂದು ಅಣ್ಣ ತಾಯಪ್ಪ ಸುತ್ತೆಲ್ಲ ವಿಚಾರಿಸಿದ. ಇರಲಿಲ್ಲ. ಕುಡಿತವಿಲ್ಲ, ಹೊಡೆತವಿಲ್ಲ. ಮಕ್ಕಳಾಗಿರಲಿಲ್ಲ, ಆದರೆ ಅದಕ್ಕೆ ಯಾರೂ ಯಾರನ್ನೂ ಅಂದವರಲ್ಲ. ಮಂದಿ ಬಂದು "ಏನಾಗಿತ್ತವ್ವಾ?" ಎಂದು ಕೇಳಿದರೆ ಹೇಳುವುದಕ್ಕೆ ಆಕೆಯ ಹತ್ತಿರ ಒಂದು ಮಾತೂ ಇರಲಿಲ್ಲ.

ಅಳು ಬರುತ್ತದೆಂದು ಮೊದಮೊದಲು ಕಾದಿದ್ದಳು. ಹಲ್ಲು ಕೀಳುವಾಗ ಡಾಕ್ಟರು ಕೊಟ್ಟ ಸೂಜಿಯ ಜೋಮು ಇಳಿಯದೆ ಹಾಗೇ ಉಳಿದರೆ ಹೇಗೋ ಹಾಗಿತ್ತು. ಮುಟ್ಟಿದರೆ ಕೆನ್ನೆ ಇರುವುದು ಗೊತ್ತಾಗುತ್ತದೆ, ತನ್ನದು ಅನ್ನಿಸುವುದಿಲ್ಲ.

ಕೋರ್ಟಿನಿಂದ ಹೊರಗೆ ಬಂದಾಗ ಬಿಸಿಲು ಡಾಂಬರಿನಿಂದ ಮೇಲಕ್ಕೆ ಹೊಡೆಯುತ್ತಿತ್ತು. ಬಸ್ ಸ್ಟ್ಯಾಂಡಿನಲ್ಲಿ ಕೂರೋಣವೆಂದು ನಡೆದಳು. ದಾರಿಯಲ್ಲಿ ಒಂದು ಥೇಟರು. ಅದರ ಬಾಗಿಲು ತೆಗೆದಾಗಲೆಲ್ಲ ಒಳಗಿನ ತಂಪು ಗಾಳಿ ರಸ್ತೆಯ ತನಕ ಬಂದು ಹೋಗುತ್ತಿತ್ತು. ಆಕೆ ಆ ಗಾಳಿಯಲ್ಲಿ ಒಂದು ನಿಮಿಷ ನಿಂತಳು. ಆಮೇಲೆ ಟಿಕೆಟ್ ತಗೊಂಡಳು. ಯಾವ ಪಿಚ್ಚರ್ ಎಂದು ನೋಡಿದ್ದು ಒಳಗೆ ಹೋಗಿ ಕೂತ ಮೇಲೆ, ಪರದೆಯ ಮೇಲೆ ಹೆಸರು ಬಂದಾಗ: 'ಏಳನೇ ಕಕ್ಷೆ: ಆರಂಭ'.

ತೆಲುಗಿನಿಂದ ಕನ್ನಡಕ್ಕೆ ಡಬ್ ಮಾಡಿದ್ದರು. ತುಟಿ ಒಂದು ಕಡೆ, ಮಾತು ಒಂದು ಕಡೆ. ಗಾಳಿಯೇ ಇಲ್ಲದ ಯಾವುದೋ ಗ್ರಹ. ಮಂದಿ ದೊಡ್ಡ ಗಾಜಿನ ಗುಮ್ಮಟಗಳ ಒಳಗೆ ಊರು ಕಟ್ಟಿಕೊಂಡಿದ್ದರು. ಅರ್ಣವ್ ಅನ್ನುವವನು ಆ ಗುಮ್ಮಟಗಳಿಗೆ ಗಾಳಿ ಕೊಡುವ ಪೈಪು ರಿಪೇರಿ ಮಾಡುವ ಮನುಷ್ಯ. ಪಾಳಿ ಮುಗಿಸಿ ಮನೆಗೆ ಬಂದು ಮುಖ ತೊಳೆಯುತ್ತಾನೆ. ಹೆಂಡತಿ ಹೊರಗೆ ಹೊರಟರೆ ಆಕೆಯ ತಲೆಗೆ ಗಾಜಿನ ಟೊಪ್ಪಿಗೆ ಇಟ್ಟು, ಗದ್ದದ ಕೆಳಗಿನ ಪಟ್ಟಿಯನ್ನು ಒಂದು ಸಲ ಎಳೆದು ನೋಡುತ್ತಾನೆ, ಸಮಾಧಾನವಾಗದೆ ಮತ್ತೊಂದು ಸಲ ಎಳೆಯುತ್ತಾನೆ. ಥೇಟರಿನಲ್ಲಿದ್ದ ಹುಡುಗರು ಆಕೆಗೆ ತಿಳಿಯದ ಕಡೆಗಳಲ್ಲಿ ಸೀಟಿ ಹೊಡೆಯುತ್ತಿದ್ದರು. ಯಾರೋ ಒಬ್ಬ ಮುದುಕ ತನ್ನ ಹೆಸರು ಹೇಳಿದ್ದಕ್ಕೆ ಚಪ್ಪಾಳೆ ಬಿತ್ತು. ಗೋಡೆಯ ಮೇಲೆ ಒಂದು ಉಂಗುರದ ಗುರುತು ಕಂಡಿದ್ದಕ್ಕೆ ಕಾಗದ ಹರಿದು ಮೇಲಕ್ಕೆ ತೂರಿದರು. ಎಲ್ಲರಿಗೂ ಮೊದಲೇ ಏನೋ ಗೊತ್ತಿತ್ತು. ಬೀಗರ ಮನೆಯಲ್ಲಿ ಹಳೆಯ ಮಾತು ತೆಗೆದು ನಗುವವರ ನಡುವೆ ಕೂತ ಹಾಗಿತ್ತು ಆಕೆಗೆ. ಬೇಸರವೇನೂ ಆಗಲಿಲ್ಲ. ತಂಪಿತ್ತು. ನಡುವೆ ದೊಡ್ಡದೊಂದು ಯುದ್ಧ ಶುರುವಾದಾಗ ನಿದ್ದೆ ಬಂತು. ಎದ್ದಾಗ ಯುದ್ಧ ಮುಗಿದಿತ್ತು. ಅರ್ಣವ್ ಒಂದು ಕರಿ ಕೋಟು ಹಾಕಿಕೊಂಡು, ಯಾರ ಕಡೆಯೂ ನೋಡದೆ ಒಂದು ಹಡಗು ಹತ್ತಿದ. ಥೇಟರಿಗೆ ಥೇಟರೇ ಎದ್ದು ನಿಂತು ಕೂಗಿತು. ದೀಪ ಹತ್ತಿದವು.

ಹೊರಗೆ ಮೆಟ್ಟಿಲ ಮೇಲೆ ಕಾಲೇಜಿನ ಹುಡುಗಿಯೊಬ್ಬಳು ಕೈಯಲ್ಲಿ ಮೈಕು ಹಿಡಿದು ನಿಂತಿದ್ದಳು. ಅವಳ ಗೆಳತಿ ಫೋನಿನಲ್ಲಿ ವಿಡಿಯೋ ತೆಗೆಯುತ್ತಿದ್ದಳು. ಹುಡುಗರು ಮುಗಿಬಿದ್ದು ಪಿಚ್ಚರ್ ಬೆಂಕಿ, ಬೆಂಕಿ ಎಂದು ಕೂಗುತ್ತಿದ್ದರು. ಆ ಹುಡುಗಿ, ಸುನಿತಾ ಅಂತ ಅವಳ ಹೆಸರು, ಸೆರಗು ಹೊದ್ದು ಒಬ್ಬಳೇ ಇಳಿಯುತ್ತಿದ್ದ ಉಚ್ಚೆಂಗಮ್ಮನನ್ನು ಕಂಡು ಅಡ್ಡ ಬಂದಳು.

"ಅಕ್ಕಾ, ಒಂದ ನಿಮಿಷ ರೀ. ಪಿಚ್ಚರ್ ಹೆಂಗಿತ್ರಿ?"

"ತಣ್ಣಗಿತ್ತು."

ಸುತ್ತಲಿದ್ದವರು ಗೊಳ್ಳನೆ ನಕ್ಕರು. ಯಾಕೆ ನಕ್ಕರೆಂದು ಆಕೆಗೆ ತಿಳಿಯಲಿಲ್ಲ.

"ಯಾರ ಪಾತ್ರ ಇಷ್ಟ ಆತ್ರೀ ಅಕ್ಕಾ?"

"ಅದ, ಅರ್ಣವ್ ಅಂತಾನಲ್ಲ, ಅಂವ. ಭಾಳ ಒಳ್ಳೆಯಂವ. ಹೆಂಡ್ತಿ ತಲಿಗೆ ಟೊಪ್ಪಿಗಿ ಇಟ್ಟು ಎರಡೆರಡು ಸಲ ಎಳದು ನೋಡ್ತಾನ."

"ಅಕ್ಕಾ, ಅಂವ ವಿಲನ್ ರೀ!" ಹಿಂದಿನಿಂದ ಒಬ್ಬ ಹುಡುಗ ಕೂಗಿದ. "ಮೊದಲ್ನೇ ಪಾರ್ಟ್‌ನಾಗ ಒಂಬೈನೂರು ಮಂದಿನ್ನ ಉಸ್ರುಗಟ್ಟಿಸಿ ಸಾಯಿಸ್ತಾನ!"

"ಹೌದಾ? ನಾ ಅದನ್ನ ನೋಡಿಲ್ಲ."

ಸುನಿತಾ ನಗು ತಡೆದುಕೊಂಡು ತಿಳಿಸಿ ಹೇಳಿದಳು. "ಇದು ಪ್ರೀಕ್ವೆಲ್ ರೀ ಅಕ್ಕಾ. ಅಂದ್ರ ಮೊದಲ್ನೇ ಪಿಚ್ಚರಿಗೂ ಮುಂಚಿನ ಕತಿ. ಅಷ್ಟು ಒಳ್ಳೆಯಂವ ಹೆಂಗ ಕೆಟ್ಟ ಅಂತ ತೋರ್ಸೋಕ ಮಾಡ್ಯಾರ."

ಉಚ್ಚೆಂಗಮ್ಮ ಅದನ್ನು ಯೋಚಿಸಿದಳು. ಮೈಕು ಬಾಯಿಯ ಮುಂದೆಯೇ ಇತ್ತು.

"ಹಂಗಾದ್ರ ಅದನ್ನ ತೋರ್ಸಿಲ್ಲಲ್ಲವ್ವಾ. ಮೂರು ತಾಸಿನಾಗ ಎಲ್ಲೂ ಕೆಡಲಿಲ್ಲ ಅಂವ. ಒಳ್ಳೆಯಂವಿದ್ದ, ಒಳ್ಳೆಯಂವಿದ್ದ, ಕಡೀಗೆ ಕರಿ ಕೋಟು ಹಾಕ್ಕಂಡು ಹೋದ. ನಡುವ ನಾ ಒಂದೀಟು ನಿದ್ದಿ ಮಾಡೀನಿ. ಅವಾಗ ಏನಾರ ಕೆಟ್ಟಿದ್ರ ನನಗ ಗೊತ್ತಿಲ್ಲ."

ನಗು ಮೆಟ್ಟಿಲ ಕೆಳಗಿನ ತನಕ ಹೋಯಿತು. ಆಕೆ ಇಳಿದು, ವಕೀಲರ ಆಫೀಸಿಗೆ ಹೋಗಿ, ತೋರಿಸಿದಲ್ಲಿ ಸಹಿ ಹಾಕಿ, ಐದೂಕಾಲರ ಬಸ್ಸಿಗೆ ಊರಿಗೆ ಬಂದಳು. ಪಿಚ್ಚರ್ ನೋಡಿದೆನೆಂದು ಮನೆಯಲ್ಲಿ ಹೇಳಲಿಲ್ಲ. ಮುಚ್ಚಿಡಬೇಕೆಂದಲ್ಲ, ಯಾರೂ ಕೇಳಲಿಲ್ಲ.

ಉಚ್ಚೆಂಗಮ್ಮ ಕಂಪ್ಲಿಯ ಕೊಟ್ರಬಸಪ್ಪನವರ ರೈಸ್ ಮಿಲ್ಲಿನಲ್ಲಿ ಅಕ್ಕಿ ಚೀಲದ ಬಾಯಿ ಹೊಲಿಯುವ ಕೆಲಸ ಮಾಡುತ್ತಿದ್ದಳು. ಮೇಲಿಂದ ಕಟ್ಟಿದ ಮಷಿನ್ನು ತೂಗುತ್ತಿರುತ್ತದೆ. ತುಂಬಿದ ಚೀಲ ಮುಂದೆ ಬಂದಂತೆ ಅದರ ಬಾಯಿ ಮಡಚಿ ಮಷಿನ್ನಿಗೆ ಕೊಡಬೇಕು. ಮಿಲ್ಲಿನ ಸದ್ದಿನಲ್ಲಿ ಯಾರ ಮಾತೂ ಕೇಳುವುದಿಲ್ಲ, ಅದು ಆಕೆಗೆ ಹಿಡಿಸಿತ್ತು. ಮೂರನೆಯ ದಿನ ಊಟದ ಹೊತ್ತಿಗೆ ಜೊತೆಯ ಕೊಟ್ರಮ್ಮ ಫೋನು ಹಿಡಿದು ಓಡಿ ಬಂದಳು.

"ಏ ಉಚ್ಚೆಂಗಿ, ಇದು ನೀನ ಅಲ್ಲೇನಲೇ?"

ಆಕೆಯೇ. ಕೆಳಗೆ ಹಳದಿ ಅಕ್ಷರದಲ್ಲಿ 'ಹೊಸಪೇಟೆ ಅಕ್ಕನ ಬೆಂಕಿ ರಿವ್ಯೂ' ಅಂತಿತ್ತು. ನಾಲ್ಕು ಲಕ್ಷ ಮಂದಿ ನೋಡಿದ್ದರು. 'ತಣ್ಣಗಿತ್ತು' ಅಂದ ಕಡೆ ಯಾರದೋ ನಗೆಯ ಸದ್ದು ಸೇರಿಸಿದ್ದರು. ಅಕ್ಕ ಹೇಳೋದು ನಿಜ, ಡೈರೆಕ್ಟರಿಗೇ ಗೊತ್ತಿಲ್ಲ ಅವನು ಹೆಂಗ ಕೆಟ್ಟ ಅಂತ, ಎಂದು ಕೆಲವರು. ಇಂಥವರಿಗೆಲ್ಲ ಯಾಕೆ ಮೈಕು ಕೊಡುತ್ತೀರಿ ಎಂದು ಕೆಲವರು. ಕೊಟ್ರಮ್ಮ ಎಲ್ಲವನ್ನೂ ಓದಿ ಹೇಳಿದಳು. ಉಚ್ಚೆಂಗಮ್ಮ ರೊಟ್ಟಿ ಮುರಿಯುತ್ತ ಕೇಳಿದಳು. ಫೋನಿನಲ್ಲಿದ್ದ ಹೆಂಗಸಿನ ಕುಪ್ಪಸದ ತೋಳು ಒಂದು ಕಡೆ ಬಿಚ್ಚಿತ್ತು, ಹೊಲಿಯಬೇಕು ಅಂದುಕೊಂಡಳು.

ಕೊಟ್ರಬಸಪ್ಪನವರು ಅತ್ತ ಬಂದವರು, "ಏನವ್ವಾ, ನಮ್ಮ ಮಿಲ್ಲಿಗೂ ಒಂದು ರಿವ್ಯೂ ಕೊಟ್ಟುಬಿಡು, ಅಕ್ಕಿ ಜಲ್ದಿ ಖಾಲಿ ಆಗ್ಲಿ" ಎಂದು ನಕ್ಕರು. ಆಕೆಯೂ ನಕ್ಕಳು. ನಗಬೇಕಾದ ಕಡೆ ಮುಖ ತಾನಾಗಿಯೇ ನಗುತ್ತಿತ್ತು.

ತಾಯಪ್ಪ ನಗಲಿಲ್ಲ. ಸಂಜೆ ಗದ್ದೆಯಿಂದ ಕಾಲು ತೊಳೆಯದೆ ಅಂಗಳಕ್ಕೆ ಬಂದ.

"ಲೇ, ಕೋರ್ಟಿಗೆ ಅಂತ ಹೋಗಿ ಪಿಚ್ಚರ್ ನೋಡಿ ಬಂದೀಯಲ್ಲ! ಮಂದಿ ಏನಂತಾರ? ಗಂಡನ್ನ ಬಿಡೋಕ ಹೋದಾಕಿ ಎಷ್ಟು ಖುಷಿಯಾಗ್ಯಾಳ ನೋಡು ಅಂತಾರ. ಆ ಕಡೆಯೋರು ಇದನ್ನ ಜಡ್ಜ್ ಮುಂದ ತೋರ್ಸಿದ್ರ?"

"ತೋರ್ಸಲಿ ಅಣ್ಣಾ. ಬಿಸಲಿತ್ತು, ಕುಂತೆ."

"ಬಿಸಲಿತ್ತಂತ!" ಎಂದು ತಾಯಪ್ಪ ಜಂಬವ್ವನ ಮುಖ ನೋಡಿದ. ಜಂಬವ್ವ, "ಸಾಕು ಬಿಡ್ರಿ. ಎರಡು ವರ್ಷದಾಗ ಆಕಿ ತನಗಂತ ಒಂದೀಟು ಕುಂತಿದ್ದ ಅದೊಂದ ದಿನ" ಅಂದು ಕೂಸನ್ನು ಎತ್ತಿ ಅವನ ಕೈಗೆ ಕೊಟ್ಟಳು. ಅವನು ಕೂಸನ್ನು ಎತ್ತಿಕೊಂಡು ಕಾಲು ತೊಳೆಯಲು ಹೋದ. ವಕೀಲ ಮುರುಗೇಶ್ ಮರುದಿನ ಫೋನು ಮಾಡಿ, ಅದರಲ್ಲಿ ತಪ್ಪೇನಿಲ್ಲ, ಆದರೆ ಇನ್ನು ಯಾವ ಮೈಕಿನ ಮುಂದೆಯೂ ನಿಲ್ಲಬೇಡಿ ಅಂದರು.

ಆ ಭಾನುವಾರ ಮಧ್ಯಾಹ್ನ ಮಿಲ್ಲಿಗೆ ರಜೆ. ಉಚ್ಚೆಂಗಮ್ಮ ಪಡಸಾಲೆಯಲ್ಲಿ ಮೊರ ಹಿಡಿದು ತೊಗರಿಬೇಳೆ ಹಸನು ಮಾಡುತ್ತಿದ್ದಳು. ಫೋನು ಹೊಡೆದುಕೊಂಡಿತು. ರಾಯಣ್ಣ. ಎಂಟು ತಿಂಗಳ ಮೇಲೆ ಆ ಹೆಸರು ಫೋನಿನಲ್ಲಿ ಕಂಡಿತ್ತು.

"ನಾನು," ಅಂದ.

"ಹೂಂ, ಹೇಳ್ರಿ."

"ವಿಡಿಯೋ ನೋಡ್ದೆ. ನಮ್ಮ ಸೆಕ್ಷನ್ನಿನಾಗ ಎಲ್ಲಾರೂ ನೋಡ್ಯಾರ. ನೀ ಹಂಗ ಹೇಳಬಾರ್ದಿತ್ತು."

ಆಕೆ ಒಂದು ಹರಳು ಆರಿಸಿ ಪಕ್ಕಕ್ಕೆ ಹಾಕಿದಳು.

"ಮೊದಲ್ನೇ ಪಾರ್ಟ್ ನೋಡ್ದ ಎರಡನೇದು ನೋಡಿದ್ರ ಹಂಗ ಅನಸ್ತೈತಿ. ಅಂವ ಕೆಡೋದು ಪೂರಾ ಅದ್ರಾಗ ಐತಿ. ಹೇಳ್ತೀನಿ ಕೇಳು."

ಹೇಳಲು ಶುರುಮಾಡಿದ. ಏಳನೆಯ ಗುಮ್ಮಟ ಕೊನೆಯಲ್ಲಿ ಕಟ್ಟಿದ್ದು, ಅಲ್ಲಿಗೆ ಗಾಳಿ ಸಾಲುವುದಿಲ್ಲ, ಅರ್ಣವ್ ಈಗ ದೊಡ್ಡ ಅಧಿಕಾರಿ, ಅವನ ಮೇಜಿನ ಮೇಲೆ ಒಂದು ಕೆಂಪು ಗುಂಡಿ ಇದೆ. ಯಾರು ಬಂದರು, ಯಾರು ಏನೆಂದರು, ಯಾವ ದೃಶ್ಯದಲ್ಲಿ ಸಂಗೀತ ನಿಲ್ಲುತ್ತದೆ, ಎಲ್ಲ ಹೇಳಿದ. ಅವನು ಆ ಮೊದಲನೆಯ ಪಿಚ್ಚರನ್ನು ನಾಲ್ಕು ಸಲ ನೋಡಿದ್ದನಂತೆ. ನಾಲ್ಕು ಸಲ ಯಾವಾಗ ಹೋಗಿದ್ದ? ತಾನಿನ್ನೂ ಅವನ ಮನೆಯಲ್ಲಿದ್ದಾಗಲೇ ಇರಬೇಕು. ಪಾಳಿ ಮುಗಿದು ತಡವಾಗುತ್ತದೆ ಅನ್ನುತ್ತಿದ್ದ ದಿನಗಳಲ್ಲಿ. ಹಾಗೆಂದು ಹೊಳೆಯಿತು, ಹೊಳೆದದ್ದು ಹಾಗೇ ಕಳೆದುಹೋಯಿತು. ಅವನ ದನಿ ಏರುತ್ತಿತ್ತು, ಇಳಿಯುತ್ತಿತ್ತು. ಒಂದೇ ಸೂರಿನ ಕೆಳಗಿದ್ದ ಕೊನೆಯ ಎರಡು ವರ್ಷ ಅವನು ಆಡಿದ ಮಾತನ್ನೆಲ್ಲ ಒಟ್ಟು ಹಾಕಿದರೂ ಇಷ್ಟಾಗುತ್ತಿರಲಿಲ್ಲ. ಉಚ್ಚೆಂಗಮ್ಮ ಫೋನನ್ನು ಕಿವಿಗೂ ಹೆಗಲಿಗೂ ನಡುವೆ ಸಿಕ್ಕಿಸಿಕೊಂಡು ಹರಳು ಆರಿಸುತ್ತ ಹೋದಳು.

"ಅವನ ಹೆಂಡ್ತಿ?" ಎಂದು ನಡುವೆ ಒಮ್ಮೆ ಕೇಳಿದಳು.

"ಮೊದಲ್ನೇ ಪಾರ್ಟ್‌ನಾಗ ಹೆಂಡ್ತಿ ಇಲ್ಲ."

"ಸತ್ತಿರ್ತಾಳಾ?"

"ಇಲ್ಲ. ಅಂವಗ ಮದುವಿ ಆಗಿತ್ತು ಅಂತನ ಹೇಳಂಗಿಲ್ಲ ಅದ್ರಾಗ. ಆಮ್ಯಾಲೆ ಈ ಪಾರ್ಟ್ ಮಾಡೋವಾಗ ಸೇರ್ಸ್ಯಾರ."

"ಮತ್ತ ಆಕಿ ಎಲ್ಲಿ ಹೋದ್ಲು?"

"ಅದು ಗೊತ್ತಿಲ್ಲ," ಅಂದ. "ಮುಂದ ಇನ್ನೊಂದು ಪಾರ್ಟ್ ಐತಂತ. ಅದ್ರಾಗ ಹೇಳಬೌದು."

ಮೊರದಲ್ಲಿ ಬೇಳೆ ಹಸನಾಗಿತ್ತು. ಇನ್ನು ಆರಿಸುವುದೇನೂ ಉಳಿದಿರಲಿಲ್ಲ. ಕೈ ಸುಮ್ಮನೆ ಬೇಳೆಯ ಮೇಲೆ ಇತ್ತು.

"ಒಂದು ಕೇಳ್ತೀನಿ, ಸಿಟ್ಟಾಗಬ್ಯಾಡ್ರಿ."

"ಕೇಳು."

"ನಮ್ಮದ್ರಾಗ ಯಾವಾಗ ಆತು ಅದು?"

ಇದನ್ನು ಹಿರಿಯರು ಕೇಳಿದ್ದರು, ಅಣ್ಣ ಕೇಳಿದ್ದ, ವಕೀಲರು ಕೇಳಿದ್ದರು. ಆಕೆ ಇವತ್ತಿನ ತನಕ ಕೇಳಿರಲಿಲ್ಲ. ಫೋನಿನ ಆ ಕಡೆ ಎಲ್ಲೋ ಹಿಂದೆ ಲಾರಿಯೊಂದು ಹಾದು ಹೋಯಿತು.

"ನನಗೂ ಗೊತ್ತಿಲ್ಲ ಉಚ್ಚೆಂಗಿ," ಅಂದ. "ಖರೇನ. ನಾನೂ ಹಿಂದಕ ಹೋಗಿ ಹೋಗಿ ಭಾಳ ನೋಡ್ದೆ. ಒಂದಿನ ಡ್ಯೂಟಿ ಮುಗಿಸಿ ಬಂದೆ. ನೀ ಅಡಿಗಿ ಮಾಡ್ತಿದ್ದಿ. ನಾ ಬಾಗಿಲದಾಗ ನಿಂತೆ. ಒಳಗ ಬರೋಕ ಮನಸಾಗ್ಲಿಲ್ಲ. ಅಷ್ಟ. ಅದಕ್ಕ ಮೊದ್ಲು ಏನಿತ್ತು ಅಂದ್ರ ಏನೂ ಇರ್ಲಿಲ್ಲ."

"ನಾ ಏನ್ ಮಾಡ್ತಿದ್ನಿ?"

"ಅಡಿಗಿ."

"ಏನ್ ಅಡಿಗಿ?"

"ನೆನಪಿಲ್ಲ."

ಆಕೆಗೆ ಸಿಟ್ಟು ಬರಬೇಕಿತ್ತು. ಕಾಯ್ದಳು. ಬರಲಿಲ್ಲ. ಬದಲಿಗೆ ಎಲ್ಲಿಯೋ ಒಳಗೆ, ಬಹಳ ದೂರದಲ್ಲಿ, ಯಾರೋ ಬಾಗಿಲು ಹಾಕಿಕೊಂಡಂಥ ಸಣ್ಣ ಸದ್ದಾಯಿತು. ಅದೂ ತನ್ನದಲ್ಲವೇನೋ ಅನ್ನುವಷ್ಟು ದೂರ.

"ಮೊದಲ್ನೇ ಪಾರ್ಟ್ ಫೋನಿನಾಗ ಸಿಗ್ತೈತಿ. ಲಿಂಕ್ ಕಳಸ್ಲಾ?"

"ಬ್ಯಾಡ್ರಿ."

"ಊಟ ಆತಾ?"

"ಆತು."

ಫೋನು ಇಟ್ಟ ಮೇಲೆ ಜಂಬವ್ವ ಒಳಗಿಂದ, "ಯಾರಕ್ಕಾ, ಇಷ್ಟೊತ್ತು?" ಎಂದು ಕೇಳಿದಳು. "ಅವರ," ಅಂದಳು ಉಚ್ಚೆಂಗಮ್ಮ. "ಪಿಚ್ಚರ್ ಕತಿ ಹೇಳಿದ್ರು." ಜಂಬವ್ವ ಹೊಸಿಲಲ್ಲಿ ನಿಂತು ಆಕೆಯ ಮುಖವನ್ನೇ ನೋಡಿದಳು.

ಇಪ್ಪತ್ತನೆಯ ದಿನ ಜಡ್ಜ್ ಬಂದಿದ್ದರು. ವಿಡಿಯೋದ ಮಾತನ್ನು ಯಾರೂ ಎತ್ತಲಿಲ್ಲ. ಒಬ್ಬೊಬ್ಬರನ್ನೇ ನಿಲ್ಲಿಸಿ, ಯಾರ ಬಲವಂತವೂ ಇಲ್ಲದೆ ಒಪ್ಪಿದ್ದೀರಾ ಎಂದು ಕೇಳಿದರು. ರಾಯಣ್ಣ ಹೌದ್ರಿ ಅಂದ. ಆಕೆಯೂ ಹೌದ್ರಿ ಅಂದಳು. ಹತ್ತು ನಿಮಿಷವೂ ಹಿಡಿಯಲಿಲ್ಲ.

ಹೊರಗೆ ಬೇವಿನ ಮರದ ಕೆಳಗೆ ಒಂದು ಗೂಡ್ಸ್ ಆಟೋ ನಿಂತಿತ್ತು. ಆಕೆಯ ಸಾಮಾನೆಲ್ಲ ಅದರಲ್ಲಿತ್ತು. ರಾಯಣ್ಣನೇ ಕಟ್ಟಿಸಿಕೊಂಡು ತಂದಿದ್ದ: ತವರಿನವರು ಕೊಟ್ಟ ಟ್ರಂಕು, ಕೊಡಗಳು, ಮಿಕ್ಸಿ, ಎರಡು ಚೀಲದ ತುಂಬ ಪಾತ್ರೆ. ಅವನೂ ತಾಯಪ್ಪನೂ ಒಟ್ಟಿಗೆ ಹಗ್ಗ ಬಿಗಿದರು. "ಆ ಕಡೆ ಎಳಿ ಮಾವಾ," ಅಂದ ರಾಯಣ್ಣ. ಹಾಗೆ ಕರೆಯುವ ಸಂಬಂಧ ಮುಗಿಯಿತೆಂದು ಅಂದ ಮೇಲೆ ಅವನಿಗೇ ತಿಳಿಯಿತು. ತಾಯಪ್ಪ ಎಳೆದ. ರಾಯಣ್ಣ ಉಚ್ಚೆಂಗಮ್ಮನ ಕಡೆ ತಿರುಗಿ, "ಬರ್ತೀನಿ" ಅಂದ. ಆಕೆ, "ಹೂಂ ರೀ" ಅಂದಳು. ಅವನು ಬೈಕು ಹತ್ತಿ ಬಳ್ಳಾರಿ ರಸ್ತೆಗೆ ತಿರುಗಿಕೊಂಡ. ಇವರ ಆಟೋ ಕಮಲಾಪುರದ ಕಡೆ ಹೊರಟಿತು. ದಾರಿಯ ಎರಡೂ ಕಡೆ ಬಾಳೆ ತೋಟ. ತಾಯಪ್ಪ ದಾರಿಯುದ್ದಕ್ಕೂ ಕಾಲುವೆ ನೀರಿನ ಮಾತಾಡಿದ, ಆಕೆ ಹೂಂಗುಟ್ಟಿದಳು.

ಸಂಜೆ ಜಂಬವ್ವನೂ ಆಕೆಯೂ ಚೀಲ ಬಿಚ್ಚಿ ಪಾತ್ರೆ ಜೋಡಿಸಿದರು. ಕುಕ್ಕರ್ ಸಿಕ್ಕಿತು, ಅದರ ಮುಚ್ಚಳ ಸಿಕ್ಕಿತು, ಮುಚ್ಚಳದ ಮೇಲಿನ ಸೀಟಿ ಸಿಗಲಿಲ್ಲ. ಎರಡೂ ಚೀಲ ಕೊಡವಿ ನೋಡಿದರು.

"ಅಲ್ಲೇ ಉಳದೈತೇನ. ಫೋನ್ ಮಾಡಿ ಕೇಳಕ್ಕಾ," ಅಂದಳು ಜಂಬವ್ವ.

"ಬ್ಯಾಡ. ಕಂಪ್ಲ್ಯಾಗ ಸಿಗ್ತೈತಿ."

ಮರುದಿನ ಮಿಲ್ಲು ಬಿಟ್ಟ ಮೇಲೆ ಉಚ್ಚೆಂಗಮ್ಮ ಪಾತ್ರೆ ಅಂಗಡಿಗೆ ಹೋದಳು. ಅಂಗಡಿಯ ಎರ್ರೆಪ್ಪ ಒಂದು ಡಬ್ಬಿ ಸುರಿದ. ಹತ್ತಾರು ಸೀಟಿ ಕೌಂಟರಿನ ಗಾಜಿನ ಮೇಲೆ ಉರುಳಿದವು.

"ಯಾವ ಕಂಪನಿ ಕುಕ್ಕರ್ ರೀ?"

ಆಕೆ ಬಾಯಿ ತೆರೆದಳು. ಹೆಸರು ಬರಲಿಲ್ಲ. ಒಂಬತ್ತು ವರ್ಷ ದಿನಕ್ಕೆರಡು ಸಲ ಅದರಲ್ಲಿ ಬೇಯಿಸಿದ್ದಳು. ಕೆಂಪು ಅಕ್ಷರವೋ ನೀಲಿಯೋ? ಹಿಡಿಯ ಮೇಲಿತ್ತೋ, ಹೊಟ್ಟೆಯ ಮೇಲೋ? ನಿನ್ನೆ ಸಂಜೆ ಕೈಯಾರೆ ತೊಳೆದಿಟ್ಟಿದ್ದಳು. ನೋಡಿಯೇ ಇರಲಿಲ್ಲ.

"ಗೊತ್ತಿಲ್ಲ," ಅಂದಳು. ದನಿ ಒಡೆಯಿತು. ಅದು ಒಡೆದದ್ದು ಆಕೆಗೇ ಬೆರಗು. ಗಾಜಿನ ಅಂಚು ಹಿಡಿದು ನಿಂತಳು. ಕಣ್ಣು ತುಂಬಿತು, ತುಂಬಿದ್ದು ಕೆಳಗೆ ಬೀಳಲಿಲ್ಲ, ನಿಧಾನವಾಗಿ ಇಂಗಿತು.

ಎರ್ರೆಪ್ಪ ಗಾಬರಿಯಾಗಿ, "ಅಯ್ಯ, ಅದಕ್ಯಾಕ್ರೀ ಅಕ್ಕಾ? ಎರಡು ನಮೂನಿ ಒಯ್ರಿ. ಯಾವುದು ಕೂಡ್ತೈತಿ ಅದನ್ನ ಇಟ್ಕಳ್ರಿ, ಇನ್ನೊಂದು ತಂದು ಕೊಡ್ರಿ" ಎಂದು ಎರಡನ್ನೂ ಕಾಗದದಲ್ಲಿ ಸುತ್ತಿದ.

ಮನೆಗೆ ಬಂದು ಅಕ್ಕಿ ತೊಳೆದು ಇಟ್ಟಳು. ಮೊದಲನೆಯ ಸೀಟಿ ಸಡಿಲವಾಯಿತು, ಸುತ್ತಲೂ ಆವಿ ಹೋಯಿತು. ಎರಡನೆಯದು ಕೂತಿತು. ಸ್ವಲ್ಪ ಹೊತ್ತಿಗೆ ಕುಕ್ಕರ್ ಕೂಗಿದಾಗ ಕೂಸು ಬೆಚ್ಚಿಬಿದ್ದು ಓಡಿಬಂದು ಆಕೆಯ ಕಾಲು ಕಟ್ಟಿಕೊಂಡಿತು. ಉಚ್ಚೆಂಗಮ್ಮ ಅದನ್ನು ಎತ್ತಿ ಸೊಂಟಕ್ಕೆ ಇರಿಸಿಕೊಂಡು, ಇನ್ನೆರಡು ಕೂಗು ಆಗಲಿ ಎಂದು ಒಲೆಯ ಮುಂದೆ ನಿಂತಳು.